ಸೂರ್ಯನಿಗೆ ನಮ್ಮ ಟೈಮ್ ಹೇಗೆ ಗೊತ್ತು?

ಸಮ್ರೀನ,

ಇದನ್ನು ನಿನಗೆ ಕಳಿಸುವುದಿಲ್ಲ. ಆದರೂ ಇವತ್ತು ಕಾಲೇಜಿನಲ್ಲಿ ಆದದ್ದನ್ನು ಇನ್ಯಾರಿಗೆ ಹೇಳಲಿ? ಗೋಕಾಕದ ಇದೇ ಲ್ಯಾಬಿನಲ್ಲಿ ನನ್ನ ಜೊತೆ ಮೊದಲ ಸಲ ಪಟ್ಟಕದಲ್ಲಿ ಬೆಳಕನ್ನು ಬಿಡಿಸಿ ನೋಡಿದವಳು ನೀನು.

ನನ್ನ ವಿದ್ಯಾರ್ಥಿನಿ ದೀಪಾ ಸೂರ್ಯನ ವರ್ಣಪಟಲದ ಒಂದು ಕಪ್ಪು ಗೆರೆಯನ್ನು ಅಳೆಯುತ್ತಿದ್ದಾಳೆ. ಗೆರೆ ನೀಲಿಯತ್ತ ಸರಿದರೆ ಅಲ್ಲಿನ ಅನಿಲ ನಮ್ಮ ಕಡೆ ಬರುತ್ತಿದೆ, ಕೆಂಪಿನತ್ತ ಸರಿದರೆ ದೂರ ಹೋಗುತ್ತಿದೆ, ನಿನಗೆ ಗೊತ್ತಿದ್ದದ್ದೇ. ವೀಕ್ಷಣಾಲಯವೊಂದರಿಂದ ತರಿಸಿದ ಅಂಕಿಗಳಿಂದ ಅವಳು ಮಾಡಿದ ಲೆಕ್ಕವನ್ನು ನಾನೇ ನೋಡಿ ಸರಿ ಎಂದಿದ್ದೆ. ಇವತ್ತು ಅದೇ ಹಾಳೆ ಹಿಡಿದು ಬಂದಳು.

“ಮೇಡಂ, ಮುಂಜಾನಿ ನೋಡಿದ್ರ ಎಲ್ಲಾ ನಮ್ಮ ಕಡೆ ಬರಾಕತ್ತೈತಿ, ಸಂಜಿಕ ನೋಡಿದ್ರ ಎಲ್ಲಾ ದೂರ ಹೊಂಟೈತಿ. ಸೂರ್ಯಗ ನಮ್ಮ ಟೈಮ್ ಹೆಂಗ ಗೊತ್ತಾಗತೈತ್ರಿ?”

ನಕ್ಕೆ. ಆಮೇಲೆ ನಗು ನಿಂತಿತು. ಭೂಮಿ ತಿರುಗುತ್ತ ಮುಂಜಾನೆ ನಮ್ಮನ್ನೇ ಸೂರ್ಯನತ್ತ ಒಯ್ಯುತ್ತದೆ, ಸಂಜೆ ದೂರ ಒಯ್ಯುತ್ತದೆ. ಆ ನಮ್ಮ ವೇಗವನ್ನು ಮೊದಲು ಕಳೆಯಬೇಕಿತ್ತು, ನಾನು ಮರೆತಿದ್ದೆ. ಕಳೆದು ನೋಡಿದರೆ, ಸೂರ್ಯನದೆಂದುಕೊಂಡಿದ್ದ ಚಲನೆಯಲ್ಲಿ ಮುಕ್ಕಾಲು ಪಾಲು ನಮ್ಮದೇ.

“ತಪ್ಪು ನಂದವ್ವಾ” ಎಂದೆ. ದೀಪಾಳಿಗೆ ಎಷ್ಟು ಸಲೀಸಾಗಿ ಹೇಳಿಬಿಟ್ಟೆ ನೋಡು.

ಸಮ್ರೀನ ನನ್ನಿಂದ ದೂರ ಹೋದಳು ಎಂದು ಒಂಬತ್ತು ವರ್ಷದಿಂದ ಕಂಡಕಂಡವರಿಗೆಲ್ಲ ಹೇಳುತ್ತ ಬಂದಿದ್ದೇನೆ. ಮೊನ್ನೆ ಮೂಡಲಗಿಯ ಸಂತೆಯಲ್ಲಿ ನಿನ್ನ ತಮ್ಮ ಸಾಹಿಲ ಸಿಕ್ಕಿದ್ದ. ನೀನೀಗ ಎಲ್ಲಿದ್ದೀ ಎಂದು ಕೇಳಿದೆ.

ಅವನಿಗೆ ಆಶ್ಚರ್ಯವಾಯಿತು. “ನಮ್ಮ ಅಕ್ಕಾ ಘೋಡಗೇರಿ ಬಿಟ್ಟು ಎಲ್ಲೂ ಹೋಗಿಲ್ರಿ. ಅದ ಮನಿ, ಅದ ಫೋನ್ ನಂಬರ್.”