ಮೂಲೆಯ ಹಸಿರು ಪಟ್ಟಿ

ಮನೆ, ಮುಂದಿನ ಕೋಣೆ
ಶನಿವಾರ, ಹದಿನಾಲ್ಕನೇ ತಾರೀಖು, ಬೆಳಗ್ಗೆ

ಪ್ರೀತಿಯ ಗುಬ್ಬೀ,

ಹೇಗಿದ್ದೀಯಮ್ಮಾ? ಎಂಜಿನ್ ಕೋಣೆಯ ಸೆಕೆಗೆ ಎದ್ದಿದ್ದ ಬೆವರುಸಾಲೆ ಕಡಿಮೆಯಾಯಿತೇ? ಹಡಗಿನ ಅಡುಗೆಯವನ ಮೇಲಿನ ಸಿಟ್ಟನ್ನು ಹೊಟ್ಟೆಯ ಮೇಲೆ ತೀರಿಸಿಕೊಳ್ಳಬೇಡ, ಹೊತ್ತುಹೊತ್ತಿಗೆ ಉಣ್ಣು. ಕಿವಿ ಮುಚ್ಚಿಕೊಳ್ಳದೆ ಆ ಎಂಜಿನ್ ಹತ್ತಿರ ಸುಳಿಯಬೇಡ. ಮೂವತ್ತು ವರ್ಷ ಅಚ್ಚಿನ ಯಂತ್ರದ ಪಕ್ಕ ನಿಂತು ಎರಡೂ ಕಿವಿ ಕಳೆದುಕೊಂಡವನ ಮಾತಿದು, ಉಡಾಫೆ ಮಾಡಬೇಡ. ನಾವಿಬ್ಬರೂ ಚೆನ್ನಾಗಿದ್ದೇವೆ. ನಿನ್ನಮ್ಮನ ಮಂಡಿನೋವು ಹಾಗೇ ಇದೆ. ಕೇಳಿದರೆ ಇಲ್ಲ ಎನ್ನುತ್ತಾಳೆ, ಮೆಟ್ಟಿಲು ಕಂಡಾಗ ಮುಖವೇ ಹೇಳುತ್ತದೆ.

ಹೋಗುವ ಮುಂಚೆ ನನ್ನ ಮುದಿ ಕಂಪ್ಯೂಟರಿಗೆ ಲಿನಕ್ಸ್ ಎಂಬ ಹೊಸ ವ್ಯವಸ್ಥೆ ಹಾಕಿ, ಪರದೆಯ ಕೆಳಗಿನ ಮೂಲೆಯಲ್ಲಿ ಗಡಿಯಾರದ ಪಕ್ಕ ಉಗುರಿನಷ್ಟು ಹಸಿರು ಪಟ್ಟಿಯೊಂದನ್ನು ಕೂರಿಸಿದ್ದೆಯಲ್ಲ, ಅದರ ಸುದ್ದಿ ಹೇಳಬೇಕು. ಆಗ ನೀನು ಹಾಳೆಯ ಮೇಲೆ ಬರೆದು ತೋರಿಸಿದ್ದೆ: “ಫ್ಯಾನ್ ಜೋರಾದ್ರೆ ಕಂಪ್ಯೂಟರ್ ದುಡೀತಿದೆ ಅಂತ ಬೇರೆಯವರಿಗೆ ಗೊತ್ತಾಗುತ್ತೆ. ನಿನಗೆ ಆ ಸದ್ದು ಕೇಳಲ್ಲ. ನೀನು ಇದನ್ನ ನೋಡು. ಕೆಲಸ ಜಾಸ್ತಿಯಾದ್ರೆ ಏರುತ್ತೆ, ಕಮ್ಮಿಯಾದ್ರೆ ಇಳಿಯುತ್ತೆ.” ಇದನ್ನೂ ಹೊರುವ ಶಕ್ತಿ ಆ ಮುದುಕನಿಗೆ ಇದೆಯೇ ಎಂದು ನಾನು ಕೇಳಿದ್ದಕ್ಕೆ, “ಇದು ಇದ್ದೂ ಇಲ್ಲದ ಹಾಗೆ ಇರುತ್ತಪ್ಪಾ, ತೂಕವೇ ಇಲ್ಲ” ಎಂದು ನೀನು ನಕ್ಕಿದ್ದೆ. ಮೊದಮೊದಲು ನನಗದು ಆಟಿಕೆ. ಬರಬರುತ್ತಾ ಅದರ ನಡೆ ತಿಳಿಯಿತು. ಪ್ರೋಗ್ರಾಂ ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಪಟ್ಟಿ ಪೂರ್ತಿ ತುಂಬಿ ಅಲ್ಲಾಡದೆ ನಿಲ್ಲುತ್ತದೆ. ನಿಜಕ್ಕೂ ದುಡಿಯುವಾಗ ಏದುಸಿರು ಬಿಟ್ಟ ಹಾಗೆ ಏರಿಳಿಯುತ್ತದೆ.

ಹೆರಿಗೆ ವಾರ್ಡಿನ ಹಳೆಯ ನರ್ಸಮ್ಮ ಗೊತ್ತಲ್ಲ, ನೀನು ಹುಟ್ಟಿದಾಗ ಮೊದಲು ಎತ್ತಿಕೊಂಡವರು. ನಲವತ್ತು ವರ್ಷದ ಅನುಭವವನ್ನು ಹೊಸ ನರ್ಸುಗಳಿಗಾಗಿ ಬರೆದಿದ್ದಾರೆ; ಕಂಪ್ಯೂಟರಿನಲ್ಲಿ ಪುಟ ಕಟ್ಟುವ ಕೆಲಸ ನನಗೆ ಬಂತು. ಇನ್ನೂರ ಹತ್ತು ಪುಟ, ತುಂಬ ಚಿತ್ರಗಳು. ಅವರ ಕಣ್ಣು ದಿನದಿನಕ್ಕೆ ಮಂಜಾಗುತ್ತಿದೆ, ಇನ್ನೊಂದು ತಿಂಗಳಲ್ಲಿ ಅಕ್ಷರ ಕಾಣುವುದು ಅನುಮಾನವಂತೆ. ಅಚ್ಚಾದದ್ದನ್ನು ತಾವೇ ಓದಬೇಕೆಂಬುದೊಂದೇ ಆಸೆ.

ಬುಧವಾರ ಬೆಳಗ್ಗೆಯಿಂದ ಕೂತು ಅವರ ಕೊನೆಯ ತಿದ್ದುಪಡಿಗಳನ್ನೆಲ್ಲ ಹಾಕಿದೆ. ಸೇವ್ ಮಾಡುವುದನ್ನು ಮರೆತೆ. ಬೈಯಬೇಡ, ನಿನ್ನ ಪಾಲಿನದನ್ನೂ ಸೇರಿಸಿ ನಿನ್ನಮ್ಮ ಆಗಲೇ ಬೈದಿದ್ದಾಳೆ. ಮಧ್ಯಾಹ್ನ ಅಚ್ಚಿಗೆ ಕಳಿಸುವ ಫೈಲ್ ಮಾಡಲು ಒತ್ತಿದೆನೋ ಇಲ್ಲವೋ, ಪರದೆ ಬೆಳ್ಳಗಾಗಿ ನಿಂತಿತು. ಫೈಲ್ ಒಯ್ಯಲು ಬಂದು ಕಾಯುತ್ತಿದ್ದ ಪ್ರೆಸ್ಸಿನ ಆಪರೇಟರ್ ಗುಂಡಿಯ ಮೇಲೆ ಬೆರಳಿಟ್ಟ. “ಸತ್ತೋಯ್ತು ಸಾರ್. ಆಫ್ ಮಾಡಿ ಆನ್ ಮಾಡೋಣ.” ಅವನ ತುಟಿ ಓದಿದೆ. ಆಫ್ ಮಾಡಿದರೆ ಬೆಳಗಿನ ತಿದ್ದುಪಡಿಯೆಲ್ಲ ಹೋಗುತ್ತಿತ್ತು. ಮೂಲೆಗೆ ನೋಡಿದೆ. ಪಟ್ಟಿ ಏರುತ್ತಿತ್ತು, ಒಂಚೂರು ಇಳಿಯುತ್ತಿತ್ತು, ಮತ್ತೆ ಏರುತ್ತಿತ್ತು. ಅವನ ಮಣಿಕಟ್ಟು ಹಿಡಿದೆ. “ಸತ್ತಿಲ್ಲಪ್ಪಾ, ದುಡೀತಿದೆ. ಕೈ ತೆಗಿ.” ಅವನು ನಿನ್ನಮ್ಮನ ಕಡೆ ತಿರುಗಿ ಏನೋ ದೂರು ಹೇಳಿದ. ಅವಳು ಕುರ್ಚಿ ಎಳೆದಳು. “ಅವರು ದುಡೀತಿದೆ ಅಂದ್ರೆ ದುಡೀತಿದೆ. ಕೂತ್ಕೊಂಡು ಟೀ ಕುಡೀರಿ.” ನಲವತ್ತು ನಿಮಿಷ ಮೂವರೂ ಆ ಉಗುರಿನಷ್ಟು ಹಸಿರನ್ನೇ ಕಣ್ಣು ಕೀಲಿಸಿ ನೋಡಿದೆವು. ನಡುವೆ ಒಮ್ಮೆ ಪಟ್ಟಿ ಕದಲದೆ ನಿಂತಿತು. ಹಟ ಹಿಡಿದು ತಪ್ಪು ಮಾಡಿದೆನೇನೋ ಎನಿಸಿತು. ಮತ್ತೆ ಅಲ್ಲಾಡಿತು. ಆಮೇಲೆ ತಟ್ಟನೆ ತಳಕ್ಕೆ ಇಳಿಯಿತು, ಬಿಳಿ ಸರಿದು ಪುಟಗಳು ಕಂಡವು. ಒಂದು ಅಕ್ಷರವೂ ಹೋಗಿರಲಿಲ್ಲ.

ನಿನ್ನೆ ನರ್ಸಮ್ಮ ಅಚ್ಚಾಗಿ ಬಂದ ಮೊದಲ ಪ್ರತಿಯನ್ನು ಭೂತಗನ್ನಡಿ ಹಿಡಿದು ಇಲ್ಲೇ ಕೂತು ಓದಿದರು. ಹದಿನೇಳನೇ ಪುಟದಲ್ಲಿ ಒಂದು ತಪ್ಪು ಹಿಡಿದು ನನ್ನತ್ತ ಬೆರಳಾಡಿಸಿದರು. ಅಷ್ಟು ಸಂತೋಷದಿಂದ ಯಾರೂ ನನ್ನ ತಪ್ಪು ಹಿಡಿದಿರಲಿಲ್ಲ.

ನೀರಿನ ಮೇಲಿರುವಷ್ಟು ದಿನವೂ ನಿನ್ನ ಹೆಜ್ಜೆ ಗಟ್ಟಿಯಾಗಿರಲಿ, ತಾಯೀ. ಅಮ್ಮನ ಮುತ್ತು ಎರಡು, ನನ್ನದು ಒಂದು, ಹಂಚಿದವಳು ಅವಳೇ.

ನಿನ್ನ
ಅಪ್ಪ

ತಾ.ಕ.: ನಿನ್ನಮ್ಮ ಲಕೋಟೆಗೆ ಅಂಟು ಹಿಡಿದು ನಿಂತಿದ್ದಾಳೆ, ಬೇಗ ಬರೆಯುತ್ತೇನೆ. ಹೊರಟ ದಿನ ಗೇಟಿನ ಹತ್ತಿರ ನೀನು ನನ್ನ ಭುಜಕ್ಕೆ ಮುಖ ಒತ್ತಿ ಏನೋ ಹೇಳಿದೆ. ನಾನು “ಆಗಲಮ್ಮಾ” ಎಂದು ತಲೆಯಾಡಿಸಿದೆ. ನಿನ್ನ ತುಟಿ ಕಾಣಲಿಲ್ಲ ಗುಬ್ಬೀ, ಒಂದು ಮಾತೂ ತಿಳಿಯಲಿಲ್ಲ. ತಿಳಿಯಲಿಲ್ಲ ಅಂದರೆ ಎಲ್ಲಿ ಹೊರಡದೆ ನಿಂತುಬಿಡುತ್ತೀಯೋ ಎಂದು ಸುಳ್ಳೇ ತಲೆಯಾಡಿಸಿದೆ. ಏಳು ತಿಂಗಳಾಯಿತು. ಏನು ಹೇಳಿದೆ ಮಗಳೇ? ಬರೆದು ಕಳಿಸು.