ಕೊನೆಯ ದಿನ ಮಾತ್ರ ಆಡುವವಳು

ಚೆಲ್ಟನ್‌ಹ್ಯಾಮ್
೧೨ ಜೂನ್ ೧೯೦೯

ಪ್ರೀತಿಯ ಅರ್ಸುಲಾ,

ಹುಲ್ಲಂಗಳದಲ್ಲಿ ನಿನಗೆ ಟೆನಿಸ್ ಕಲಿಸುವಾಗ ಅಪ್ಪ ಹೇಳುತ್ತಿದ್ದದ್ದು ‘ಗೆದ್ದವಳು ಕೂತು ಕಾಯಲಿ’ ಎಂದೇ, ‘ಗೆದ್ದವಳು ಕೂತರೆ ಮುಗಿಯಿತು’ ಎಂದೇ? ಬೆಳಗಿನಿಂದ ನೆನಪಿಸಿಕೊಳ್ಳುತ್ತಿದ್ದೇನೆ, ಎರಡೂ ಅಪ್ಪನ ದನಿಯಲ್ಲೇ ಕೇಳಿಸುತ್ತವೆ. ಹೇಗಿದ್ದೀಯ? ಸೀಫರ್ಡಿನ ಕಡಲಗಾಳಿ ಒಗ್ಗಿತೇ? ಬಲಭುಜ ಹೇಗಿದೆ ಎಂದು ಪ್ರತಿ ಪತ್ರದಲ್ಲೂ ಕೇಳುತ್ತೇನೆ. ಮೀನು ಬಹಳ ರುಚಿಯಾಗಿದೆ ಎಂದು ನೀನು ಉತ್ತರ ಬರೆಯುತ್ತೀಯ.

ಇಲ್ಲಿ ಕ್ಲಬ್ಬಿನಲ್ಲಿ ಎಲ್ಲರ ಬಾಯಲ್ಲೂ ನೀನೇ. ಹೋದ ವರ್ಷದ ಚಾಂಪಿಯನ್ ಸುತ್ತುಗಳನ್ನು ಆಡಬೇಕಿಲ್ಲ, ಉಳಿದವರನ್ನೆಲ್ಲ ಸೋಲಿಸಿ ಬಂದ ಒಬ್ಬಳನ್ನು ಕೊನೆಯ ದಿನ ಎದುರಿಸಿದರೆ ಸಾಕು ಎಂಬ ಪದ್ಧತಿ ನಿನಗೆ ಒಳ್ಳೆಯ ಪರದೆಯಾಗಿದೆ. ಮಾರ್ಚಿನಿಂದ ನೀನು ಆಡಿದ್ದನ್ನು ಕಂಡವರಿಲ್ಲ. ಕಾರ್ಯದರ್ಶಿ ಹೆಸ್ಕೆತ್ ನಿನ್ನೆ ಚಹಾ ಕಲಕುತ್ತಾ, “ಏನಮ್ಮಾ ಸಿಬಿಲ್, ನಮ್ಮ ಮಹಾರಾಣಿ ಸಿಂಹಾಸನದಲ್ಲೇ ಬೇರು ಬಿಟ್ಟುಬಿಟ್ರಾ?” ಎಂದ. ನಕ್ಕೆ. ಮನೆಗೆ ಬಂದು ನಿನ್ನ ಕಪಾಟು ತೆರೆದೆ.

ಹೌದು, ತೆರೆದೆ, ಬೈದುಕೋ. ನಿನ್ನ ಒಳ್ಳೆಯ ರ‍್ಯಾಕೆಟ್‌ಗಳೆಲ್ಲ ಅಲ್ಲೇ ಇವೆ. ಒಯ್ದಿರುವುದು ಹುಡುಗಿಯಾಗಿದ್ದಾಗಿನ ಹಗುರವಾದ ಹಳೆಯದು. ಬೆನ್ನಿಗೆ ಗುಂಡಿಯಿರುವ ಅಂಗಿ ಬೇಡ, ಮುಂದೆ ಗುಂಡಿಯಿರುವುದನ್ನೇ ಕಳಿಸು ಎಂದು ಬರೆದೆಯಲ್ಲ, ಕೈ ಹಿಂದಕ್ಕೇ ಹೋಗದವಳು ತಲೆಯ ಮೇಲಿಂದ ಸರ್ವ್ ಮಾಡುವುದು ಹೇಗೆ? ನೀನು ಅಭ್ಯಾಸವನ್ನೇ ಮಾಡುತ್ತಿಲ್ಲ. ಕೊನೆಯ ದಿನ ಸುಮ್ಮನೆ ಕೋರ್ಟಿಗಿಳಿದು ಆ ಭುಜವನ್ನು ಪೂರ್ತಿ ಕಳೆದುಕೊಳ್ಳುತ್ತೀಯ. ಇದೇ ನನ್ನ ಅನುಮಾನ. ಇನ್ನೊಮ್ಮೆ ಬಲವಾಗಿ ಬೀಸಿದರೆ ಆ ಕೈ ಮತ್ತೆ ಏಳದು ಎಂದು ವೈದ್ಯರು ಹೇಳುವಾಗ ನೀನು ಕಿಟಕಿಯಾಚೆ ನೋಡುತ್ತಿದ್ದೆ, ನಾನು ನಿನ್ನನ್ನು ನೋಡುತ್ತಿದ್ದೆ. ಈ ವರ್ಷ ಆಡುವುದಿಲ್ಲ ಎಂದು ತಿಳಿಸಿಬಿಡು, ಮಗು. ಪಟ್ಟ ಹೋದರೆ ಹೋಗಲಿ. ನನಗೆ ಬೇಕಾದದ್ದು ನಾಳೆಯೂ ತಾನೇ ತಲೆ ಬಾಚಿಕೊಳ್ಳಬಲ್ಲ ತಂಗಿ.

ಬೆಕ್ಕು ನಿನ್ನ ಕುರ್ಚಿ ಬಿಟ್ಟು ಏಳುತ್ತಿಲ್ಲ. ಅದೂ ನಿನ್ನನ್ನು ಕೇಳಿತೆಂದು ತಿಳಿ. ರಾತ್ರಿ ಭುಜಕ್ಕೆ ಶಾಲು ಹೊದ್ದುಕೋ.

ನಿನ್ನನ್ನು ನಂಬಲು ಹೆಣಗುತ್ತಿರುವ ಅಕ್ಕ,
ಸಿಬಿಲ್

ಮರೆಯುವ ಮುನ್ನ: ಲಕೋಟೆ ಅಂಟಿಸುತ್ತಿದ್ದಾಗ ಪಕ್ಕದ ಮನೆಯ ಮಿಸೆಸ್ ಪಾರ್ಡೋ ಬಾಗಿಲು ತಟ್ಟಿದಳು. ಸೀಫರ್ಡಿನಿಂದ ಈಗಷ್ಟೇ ಮರಳಿದ್ದಾಳೆ. ಟೆನಿಸ್ ಎಂದರೆ ಏನೆಂದೂ ಅರಿಯದವಳು. ಛತ್ರಿಯನ್ನೂ ಮಡಚದೆ ಹೊಸ್ತಿಲಲ್ಲೇ ನಿಂತು ಹೇಳಿದಳು: “ಅಲ್ಲ ಕಣ್ರೀ ಸಿಬಿಲ್, ಬೆಳಗಾದ್ರೆ ಸಾಕು, ಹೋಟೆಲ್ ಹಿಂದಿನ ಗೋಡೆಗೆ ನಿಮ್ಮ ತಂಗಿ ಚೆಂಡು ಹೊಡೀತಾನೇ ಇರ್ತಾಳೆ. ಏನ್ ಹೊಡೆತ ಅಂತೀರಿ! ಆದ್ರೂ ಇಷ್ಟು ವರ್ಷ ಪಕ್ಕದಲ್ಲೇ ಇದ್ದೀವಿ, ಅವಳು ಎಡಗೈಯವಳು ಅಂತ ನೀವು ಒಂದು ದಿನಾನೂ ಹೇಳಲೇ ಇಲ್ವಲ್ರೀ!”