ಶಾಂತಾ ಬಾಳಿಕಾಯಿ ಸಿನಿಮಾ ನೋಡುವ ತನಕ

ಉಣಕಲ್ ದಂಡೆ,
ಇಸವಿ ೨೩೯೧, ಫೆಬ್ರವರಿ ೩೦

ಹುಬ್ಬಳ್ಳಿಯ ಅಂಬುಜಾಕ್ಷಿ ಅಕ್ಕನವರಿಗೂ ಅವರ ‘ಏಜೆಂಟ್ ಸಹದೇವ ಅಭಿಮಾನಿ ಕೂಟ’ದ ಸಮಸ್ತ ಸದಸ್ಯರಿಗೂ ಉಣಕಲ್ ದಂಡೆಯ ಹೊನ್ನಯ್ಯನ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ನಿಮ್ಮ ಕಾಲದಲ್ಲಿ ಫೆಬ್ರವರಿಗೆ ಮೂವತ್ತನೆಯ ದಿನ ಇರಲಿಲ್ಲವೆಂದು ನನಗೆ ಗೊತ್ತು. ನಡುವೆ ಯಾರೋ ಪುಣ್ಯಾತ್ಮರು ತಿಂಗಳುಗಳನ್ನೆಲ್ಲ ಸಮ ಮಾಡಿ ಪಾಪದ ಫೆಬ್ರವರಿಗೂ ನ್ಯಾಯ ಕೊಟ್ಟರು. ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಿದರೆ ಅದಕ್ಕೂ ಕ್ಷಮೆ ಇರಲಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ಪಾಠದ ಪುಸ್ತಕದಿಂದಲ್ಲ, ನಿಮ್ಮ ಕೂಟದ ಜಗಳಗಳಿಂದ. ಹಾಗಾಗಿ ವಿನಯದಿಂದ ಬರೆಯುತ್ತ ಬರೆಯುತ್ತ ನಡುವೆ ಎಲ್ಲಾದರೂ ದನಿ ಏರಿದರೆ, ಅದು ನೀವೇ ಕಲಿಸಿದ್ದು.

ಈ ಪತ್ರ ನಿಮ್ಮ ಫೋನಿಗೆ ಬರುವುದು ಹಿಂದಂಚೆಯಿಂದ. ಹಿಂದಂಚೆ ಎಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಅಂಚೆ. ಅದು ಹೇಗೆ ನಡೆಯುತ್ತದೆಂದು ನನಗೂ ತಿಳಿಯದು, ನಿಮ್ಮ ಫೋನು ಹೇಗೆ ನಡೆಯುತ್ತದೆಂದು ನಿಮಗೆ ತಿಳಿಯದ ಹಾಗೆ. ಊರಿಗೆ ವರ್ಷಕ್ಕೊಂದು ಪತ್ರ ಕಳಿಸಲು ಅವಕಾಶವಿದೆ. ಸಾಮಾನ್ಯವಾಗಿ ಎಲ್ಲ ಊರುಗಳೂ ನಿಮ್ಮ ಕಾಲದವರಿಗೆ ಬೈದೇ ಬರೆಯುತ್ತವೆ. ಕೆರೆ ನುಂಗಿದಿರಿ, ಗಾಳಿ ಕೆಡಿಸಿದಿರಿ, ನಮಗೆ ಬಿಸಿಲನ್ನು ಬಿಟ್ಟುಹೋದಿರಿ ಎಂದು. ಬೈಗುಳದಲ್ಲಿ ತಪ್ಪೇನಿಲ್ಲ. ಆದರೆ ಈ ಸಲ ನಮ್ಮೂರ ಸಭೆ, ಈ ಒಂದು ಪತ್ರವನ್ನು ಸಿನಿಮಾ ವಿಚಾರಕ್ಕೆ ಕೃತಜ್ಞತೆ ಹೇಳಲು ಮತ್ತು ಒಂದು ಬೇಡಿಕೆಯಿಡಲು ಬಳಸಬೇಕೆಂದು ತೀರ್ಮಾನಿಸಿತು. ಪಕ್ಕದ ಊರಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗಲಿ ಬಿಡಿ.

ಬೇಡಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ಸೋದರತ್ತೆ ಬಸಲಿಂಗವ್ವನವರಿಗೆ ಇಪ್ಪತ್ಮೂರನೆಯ ಸಹದೇವ ಸಿನಿಮಾದ ಕೊನೆಯಲ್ಲಿ ಏನಾಯಿತೆಂದು ತಿಳಿಯಬೇಕಾಗಿದೆ. ಅವರು ಹಾಸಿಗೆ ಹಿಡಿದಿದ್ದಾರೆ, ಹೆಚ್ಚು ಕಾಲವಿಲ್ಲ. ಅದನ್ನು ಹೇಳಬಲ್ಲವರು ಈ ಲೋಕದಲ್ಲಿ, ಯಾವ ಕಾಲದಲ್ಲೂ, ನೀವು ಮಾತ್ರ.

ಇಷ್ಟೊಂದು ಸಣ್ಣ ವಿಷಯಕ್ಕೆ ಊರೇ ಯಾಕೆ ಪತ್ರ ಬರೆಯಿತೆಂದು ತಿಳಿಯಲು ನಮ್ಮ ಬದುಕನ್ನು ಸ್ವಲ್ಪ ಹೇಳಬೇಕು. ನಾವಿರುವುದು ನಿಮಗೆ ಪರಿಚಯವಿರುವ ಉಣಕಲ್ ಕೆರೆಯ ದಂಡೆಯಲ್ಲೇ, ಆದರೆ ಮಣ್ಣಿನೊಳಗೆ ಅರ್ಧ ಹುದುಗಿದ ತಂಪುಮನೆಗಳಲ್ಲಿ. ನಸುಕಿನಲ್ಲಿ ಮತ್ತು ಸಂಜೆ ಹೊರಗೆ ಬರುತ್ತೇವೆ, ಮಧ್ಯಾಹ್ನವೆಲ್ಲ ಒಳಗೆ. ರೊಟ್ಟಿ ಈಗಲೂ ತಟ್ಟುತ್ತೇವೆ, ಕೆರೆಯ ಪಾಚಿಯನ್ನು ಒಣಗಿಸಿದ ಹಿಟ್ಟಿನಿಂದ. ಜೋಳದ ರೊಟ್ಟಿ ಹಬ್ಬಕ್ಕೆ ಮಾತ್ರ. ಎಣ್ಣೆಗಾಯಿ ಮಾತ್ರ ಹಾಗೇ ಇದೆ, ದೇವರು ದೊಡ್ಡವನು. ಮನರಂಜನೆಗೆ ಪ್ರತಿಯೊಬ್ಬರಿಗೂ ಒಂದೊಂದು ‘ತನ್ನೋಟ’ ಇದೆ. ಅದು ನೋಡುವವನ ಮನಸ್ಸನ್ನು ಓದಿಕೊಂಡು ಅವನಿಗೊಬ್ಬನಿಗೇ ಆ ಕ್ಷಣಕ್ಕೆ ಒಂದು ಕಥೆ ಹೆಣೆದು ತೋರಿಸುತ್ತದೆ, ಮುಗಿದ ಮೇಲೆ ಅದು ಇಲ್ಲ. ಒಂದೇ ಕೋಣೆಯಲ್ಲಿ ಕೂತು ನನ್ನ ಹೆಂಡತಿ ನಗುತ್ತಿರುತ್ತಾಳೆ, ನಾನು ಮೂಗು ಒರೆಸಿಕೊಳ್ಳುತ್ತಿರುತ್ತೇನೆ. ಯಾಕೆ ನಗುತ್ತಿದ್ದೀ ಎಂದು ಕೇಳಿ ಉಪಯೋಗವಿಲ್ಲ. ಆ ಕಥೆ ಅವಳದು, ನಾನು ಅದನ್ನು ನೋಡಿಲ್ಲ, ನೋಡುವುದೂ ಇಲ್ಲ. ಆ ಸೀನು ಹೇಗಿತ್ತು ನೋಡಿದೆಯಾ ಎಂದು ಒಬ್ಬರನ್ನೊಬ್ಬರು ಕೇಳುವ ಸುಖ ನಮ್ಮಲ್ಲಿ ಎಷ್ಟೋ ತಲೆಮಾರಿನ ಹಿಂದೆಯೇ ನಿಂತುಹೋಗಿತ್ತು.

ಆಗ ಸಿಕ್ಕವರು ನೀವು. ನನ್ನ ಅತ್ತೆಯ ಅಜ್ಜಿಯ ಕಾಲದಲ್ಲಿ, ಹುಬ್ಬಳ್ಳಿಯ ಹೊರಗೆ ಹೂತುಹೋಗಿದ್ದ ಹಳೆಯ ಮಾಹಿತಿ ಗೋದಾಮೊಂದರಲ್ಲಿ ನಿಮ್ಮ ಕೂಟದವರು ಫೋನಿನಲ್ಲಿ ಬರೆದುಕೊಂಡ ಮಾತುಕತೆ ಚೂರುಚೂರಾಗಿ ದೊರಕಿತು. ಅದನ್ನು ಆಯ್ದು ಜೋಡಿಸುವವರನ್ನು ಹೆಕ್ಕಾಳು ಎನ್ನುತ್ತೇವೆ. ನಿಮ್ಮ ಒಂದು ದಿನದ ಮಾತು ಓದುವ ಹಾಗಾಗಲು ವಾರಗಟ್ಟಲೆ ಬೇಕು. ಜೋಡಿಸುವಾಗ ಅದು ಬರೀ ಗುರುತುಗಳ ರಾಶಿ, ತೆರೆದಾಗಲೇ ಅಕ್ಷರ ಮೂಡುವುದು. ಹಾಗೆ ಸಿದ್ಧವಾದ ಒಂದು ದಿನದ ಮಾತಿಗೆ ‘ಹಾಳೆ’ ಎಂದು ಹೆಸರು. ಹಾಳೆ ಸಿದ್ಧವಾದ ಸಂಜೆ ಊರೆಲ್ಲ ಕೆರೆಯ ಕಟ್ಟೆಗೆ ಬಂದು ಕೂರುತ್ತದೆ. ಓದಾಳು, ಅಂದರೆ ಈಗ ನಾನು, ಗಟ್ಟಿಯಾಗಿ ಓದುತ್ತಾನೆ. ಓದು ಮುಗಿಯುತ್ತಲೇ ಜಗಳ ಶುರು.

ಸಹದೇವನ ಸಿನಿಮಾಗಳಲ್ಲಿ ಒಂದೂ ನಮಗೆ ಉಳಿದಿಲ್ಲ ಅಕ್ಕ. ಕಳ್ಳರು ಕದಿಯಬಾರದೆಂದು ಕಂಪನಿಯವರು ಎಲ್ಲಕ್ಕೂ ಬೀಗದ ಮೇಲೆ ಬೀಗ ಜಡಿದಿದ್ದರು. ಕಂಪನಿ ಮುಳುಗಿತು, ಬೀಗ ತೆಗೆಯುವವರೂ ಹೋದರು. ಅರವತ್ತು ವರ್ಷ, ಐವರು ನಾಯಕರು, ಇಪ್ಪತ್ಮೂರು ಸಿನಿಮಾ, ಎಲ್ಲ ನಮಗೆ ಗೊತ್ತಿರುವುದು ನಿಮ್ಮ ತಕರಾರುಗಳಿಂದ ಮಾತ್ರ. ಅದರಿಂದ ಕೆಲವು ಎಡವಟ್ಟುಗಳೂ ಆಗಿವೆ. ನೀವು ಹಾಲಿನ ಪ್ಯಾಕೆಟ್ಟಿನ ಮೇಲೆ ಸಹದೇವನ ಮುಖ ಅಚ್ಚು ಹಾಕಿದ್ದರ ಬಗ್ಗೆ ಎಷ್ಟು ದಿನ ಹೊಡೆದಾಡಿದಿರೆಂದರೆ, ನಮ್ಮ ಹಿರಿಯರು ಅವನು ಹಾಲು ಮಾರುವವನ ವೇಷದಲ್ಲಿರುವ ಗೂಢಚಾರನೆಂದೇ ತಿಳಿದರು. ನಮ್ಮ ಮಕ್ಕಳು ಸಹದೇವನ ಆಟ ಆಡುವಾಗ ಕೈಯಲ್ಲಿ ಪಿಸ್ತೂಲಿಲ್ಲ, ಹಾಲಿನ ಕ್ಯಾನು ಇರುತ್ತದೆ. ಅದು ಬರೀ ಜಾಹೀರಾತಿನ ಗಿಮಿಕ್ಕು ಎಂದು ಆಮೇಲೊಂದು ಹಾಳೆಯಿಂದ ತಿಳಿಯಿತು. ಅಷ್ಟರಲ್ಲಿ ಕ್ಯಾನು ಎಲ್ಲರಿಗೂ ಇಷ್ಟವಾಗಿಬಿಟ್ಟಿತ್ತು, ಹಾಗೇ ಉಳಿಸಿಕೊಂಡೆವು.

ವಿಜಯಪುರದ ಕಿಲ್ಲೇದಾರರೇ, ಮದ್ದೂರಿನ ಚಿಕ್ಕಲಿಂಗಯ್ಯನವರೇ, ನಿಮ್ಮಿಬ್ಬರ ಹೆಸರಿನಲ್ಲಿ ನಮ್ಮೂರಲ್ಲಿ ಎರಡು ಓಣಿಗಳಿವೆ ಎಂದರೆ ನಂಬುತ್ತೀರಾ? ಕಿಲ್ಲೇದಾರ ಓಣಿಯವರು ಟ್ರೇಲರ್ ವಿರೋಧಿಗಳು. “ಟ್ರೇಲರ್‌ನ್ಯಾಗ ಅರ್ಧಾ ಕಥಿ ಹೇಳಿಬಿಟ್ಟಾರ, ಇನ್ನರ್ಧಾ ಪೋಸ್ಟರ್‌ನ್ಯಾಗ ಐತಿ. ನಾ ಟಾಕೀಸಿಗೆ ಹೋಗಿ ಏನ್ ಸಮೋಸಾ ತಿಂದ ಬರ್ಲೇನು?” ಎಂಬ ನಿಮ್ಮ ಮಾತು ಅಲ್ಲಿಯ ಹಸುಗೂಸುಗಳಿಗೂ ಬಾಯಿಪಾಠ. ಲಿಂಗಯ್ಯನ ಓಣಿಯವರ ಉತ್ತರವೂ ಸಿದ್ಧವಿರುತ್ತದೆ: “ಗೂಢಚಾರ ಗುಟ್ಟಾಗಿರ್ಲಿ ಸ್ವಾಮಿ, ಸಿನಿಮಾನೇ ಗುಟ್ಟಾಗಿದ್ರೆ ಯಾವನ್ ಬತ್ತಾನೆ ನೋಡಕ್ಕೆ?” ನಾನು ಲಿಂಗಯ್ಯನ ಓಣಿಯವನು, ಹೆಂಡತಿ ಕಿಲ್ಲೇದಾರ ಓಣಿಯವಳು. ಮದುವೆಯ ಮಾತುಕತೆಯಲ್ಲಿ ಜಾತಕ ಕೂಡಿತು, ಟ್ರೇಲರ್ ವಿಚಾರ ಇವತ್ತಿಗೂ ಕೂಡಿಲ್ಲ.

ಕಂಪನಿ ಕೈ ಬದಲಾಗಿ, ಹೊಸ ಮಾಲೀಕರು ಇಪ್ಪತ್ನಾಲ್ಕನೆಯ ಸಹದೇವನನ್ನು ಹೊಸ ನಾಯಕನೊಂದಿಗೆ ತೆಗೆಯುತ್ತೇವೆಂದು ಸಾರಿದ ದಿನದ ಹಾಳೆಯನ್ನು ಓದಿದ ಸಂಜೆ ನನಗೆ ಮರೆಯದು. “ನಿಲ್ಲಸ್ರಿ ಇಲ್ಲಿಗೆ, ಚಂದ ಇದ್ದಾಗ ನಿಲ್ಲಸಬೇಕು” ಎಂದು ಕಿಲ್ಲೇದಾರರು. “ನಾವ್ ಸತ್ ಮೇಲೂ ನಮ್ ಮೊಮ್ಮಕ್ಳು ಸಹದೇವನ್ ನೋಡ್ಬೇಕು ಕಣ್ರೀ” ಎಂದು ಚಿಕ್ಕಲಿಂಗಯ್ಯನವರು. ಅದಕ್ಕೆ ಅಂಬುಜಕ್ಕ, ನೀವು ಬರೆದಿರಿ: “ಇಬ್ಬರೂ ಚಾ ಕುಡದ ಬರ್ರಿ, ಆಮ್ಯಾಲ ಹೊಡದಾಡ್ರಿ.” ಕಟ್ಟೆಯ ಮೇಲೆ ಕೂತ ಅಷ್ಟೂ ಜನ ಒಟ್ಟಿಗೆ ನಕ್ಕರು. ಒಂದೇ ಮಾತಿಗೆ, ಒಂದೇ ಗಳಿಗೆಯಲ್ಲಿ ಅಷ್ಟು ಜನ ನಗುವುದನ್ನು ಬೇರೆ ಊರಿನಿಂದ ಬಂದ ನೆಂಟರು ಬಾಯಿ ಬಿಟ್ಟುಕೊಂಡು ನೋಡಿದರು. ನಿಮಗೆ ನಾವು ಹೇಳಬೇಕಾದ ಕೃತಜ್ಞತೆ ಮುಖ್ಯವಾಗಿ ಇದೇ.

ಇನ್ನೊಂದು ಕೃತಜ್ಞತೆ ನಿಮ್ಮ ಗಲಾಟೆಗಲ್ಲ, ಮೌನಕ್ಕೆ. ಇಪ್ಪತ್ಮೂರನೆಯ ಸಿನಿಮಾ ಬಂದಾಗ ಕಂಪನಿಯವರು ಹೊಸ ತಂತ್ರ ಹೂಡಿದರು. ಇದು ಫೋನಿನಲ್ಲಾಗಲಿ ಟೀವಿಯಲ್ಲಾಗಲಿ ಎಂದೂ ಬರುವುದಿಲ್ಲ, ನೋಡಬೇಕಾದರೆ ಟಾಕೀಸಿಗೇ ಬನ್ನಿ ಎಂದು. ನೀವೆಲ್ಲ ಹೋಗಿ ನೋಡಿದಿರಿ. ಮಸ್ಕತ್ತಿನ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಶಾಂತಾ ಬಾಳಿಕಾಯಿ ಅವರಿಗೆ ರಜೆ ಸಿಗಲಿಲ್ಲ. ಸಿನಿಮಾ ಟಾಕೀಸಿನಿಂದ ಎದ್ದುಹೋಯಿತು. ಯಾರೋ ಕದ್ದ ಪ್ರತಿ ಕಳಿಸುತ್ತೇನೆಂದರೂ ಶಾಂತಾ ಒಪ್ಪಲಿಲ್ಲ. “ಕದ್ದದ್ದು ನೋಡೂದಿಲ್ಲ ನಾ. ದೊಡ್ಡ ಪರದೆ ಮ್ಯಾಲ, ನಿಮ್ಮ ಜೊತಿಗೆ ಕೂತ ನೋಡ್ತೀನಿ.” ಆಗ ಅಕ್ಕ, ನೀವು ಫರ್ಮಾನು ಹೊರಡಿಸಿದಿರಿ: “ಶಾಂತಾ ನೋಡೂತನಕ ಯಾರೂ ಕೊನಿ ಬರಿಯಂಗಿಲ್ಲ. ಬರದವರನ್ನ ಕೂಟದಿಂದ ತಗದ ಹಾಕ್ತೀನಿ, ನನ್ನ ಸ್ವಂತ ತಮ್ಮ ಆದ್ರೂ ಬಿಡೂದಿಲ್ಲ.”

ಸಹದೇವ ಕಾರವಾರದ ಹತ್ತಿರದ ದೀಪಸ್ತಂಭದೊಳಗೆ ಒಬ್ಬನೇ ಹೋಗಿ ಬಾಗಿಲು ಹಾಕಿಕೊಳ್ಳುವ ತನಕ ನಮಗೆ ಗೊತ್ತು. ಮುಂದೆ ಏನೂ ಗೊತ್ತಿಲ್ಲ. ವರ್ಷಗಟ್ಟಲೆ ನೀವು ಕಂಪನಿಯನ್ನು ಬೈದಿರಿ, ಒಬ್ಬರನ್ನೊಬ್ಬರು ಬೈದಿರಿ, ಆ ಕೊನೆಯನ್ನು ಒಬ್ಬರೂ ಬರೆಯಲಿಲ್ಲ. ಒಮ್ಮೆ ಕಿಲ್ಲೇದಾರರು ಸಿಟ್ಟಿನ ಭರದಲ್ಲಿ, “ಅಂಥಾ ಕೊನಿ ಇಟ್ಟ ಮ್ಯಾಲ ಇನ್ನೊಂದ ಸಿನಿಮಾ ಹೆಂಗ ತಗೀತಾರ, ಅಂವಾ ಅಲ್ಲಿ” ಎಂಬಲ್ಲಿಗೆ ನಿಲ್ಲಿಸಿ, “ತಪ್ಪಾತು ಶಾಂತಕ್ಕ, ನಾ ಏನೂ ಹೇಳಿಲ್ಲ” ಎಂದರು. ಕಟ್ಟೆಯ ಮೇಲೆ ಆ ಸಾಲನ್ನು ನಾನು ಎರಡು ಸಲ ಓದಿದೆ. ನೋಡದ ಒಬ್ಬಳಿಗಾಗಿ, ನೋಡಿದ ಅಷ್ಟೂ ಜನ ನಾಲಿಗೆ ಕಚ್ಚಿಕೊಂಡು ಕೂತಿದ್ದಿರಿ.

ಆದರೆ ನಿಮ್ಮ ಒಳ್ಳೆಯತನ ನಮ್ಮ ಅತ್ತೆಗೆ ಮುಳುವಾಗಿದೆ. ಹುಡುಗಿಯಾಗಿದ್ದಾಗಿನಿಂದ ಹೆಕ್ಕಾಳಾಗಿ ನಿಮ್ಮ ಮಾತಿನ ಚೂರುಗಳನ್ನು ಜೋಡಿಸಿದವರು ಅವರು. ಮದುವೆಯಾಗಲಿಲ್ಲ. ಕೇಳಿದರೆ ಸಹದೇವನೂ ಆಗಿಲ್ಲವಲ್ಲ ಎನ್ನುತ್ತಾರೆ. ಈಗ ಎದ್ದು ಓಡಾಡಲಾರರು, ಕಣ್ಣು ಮಾತ್ರ ಚುರುಕಾಗಿದೆ. ಮೊನ್ನೆ ವೈದ್ಯೆಯ ಮುಂದೆಯೇ ನನ್ನ ಕೈ ಹಿಡಿದು ಹೇಳಿದರು: “ಹೊನ್ನ್ಯಾ, ಅಂವಾ ಸತ್ತನೋ ಬದುಕಿದನೋ, ಅದನ್ನಷ್ಟ ತಿಳಕೊಂಡ ಹೋಗ್ತೀನಿ. ಮ್ಯಾಲ ಹೋದಾಗ ಭೆಟ್ಟಿ ಆಗ್ತಾನೋ ಇಲ್ಲೋ ಗೊತ್ತಾಗಬೇಕಲ್ಲ.” ವೈದ್ಯೆ ನಕ್ಕಳು, ನನಗೆ ನಗು ಬರಲಿಲ್ಲ.

ಕಳೆದ ತಿಂಗಳು ಓದಿದ ಹಾಳೆಯಲ್ಲಿ ಶಾಂತಾ ಅವರಿಗೆ ಕೊನೆಗೂ ರಜೆ ಸಿಕ್ಕಿತ್ತು. ಹೊಸ ಸಿನಿಮಾಕ್ಕೆ ಹವಾ ಎಬ್ಬಿಸಲು ಕಂಪನಿಯವರು ಹಳೆಯದನ್ನು ಹುಬ್ಬಳ್ಳಿಯಲ್ಲಿ ಮತ್ತೆ ಒಂದು ಆಟ ಹಾಕುತ್ತಿದ್ದರು. ನೀವೆಲ್ಲ ಒಂದೇ ಸಾಲಿನಲ್ಲಿ ಸೀಟು ಹಿಡಿದಿರಿ. ಮಾರ್ಕೆಟಿಂಗಿನವರು ಮಾಡಿದ ಒಂದೇ ಒಂದು ಒಳ್ಳೆಯ ಕೆಲಸ ಎಂದು ಕಿಲ್ಲೇದಾರರೂ ಒಪ್ಪಿಕೊಂಡರು. ಆಟ ಮರುದಿನ, ಈ ಪತ್ರ ನಿಮ್ಮ ಕೈ ಸೇರುವುದು ಅದರ ಹಿಂದಿನ ರಾತ್ರಿ. ಆ ಮರುದಿನದ ಹಾಳೆ ಈಗ ಸಿದ್ಧವಾಗಿ, ಇನ್ನೂ ತೆರೆಯದೆ, ಅತ್ತೆಯ ದಿಂಬಿನ ಪಕ್ಕದಲ್ಲಿದೆ. ನಾಳೆ ತೆರೆಯುತ್ತೇವೆ. ಅದರ ಮುಂದಿನ ಚೂರುಗಳೆಲ್ಲ ಪುಡಿಯಾಗಿವೆ, ಇನ್ನು ಹಾಳೆಗಳಿಲ್ಲ.

ನನ್ನ ಭಯ ಒಂದೇ. ಸಿನಿಮಾ ಮುಗಿಸಿ ನೀವೆಲ್ಲ ಟಾಕೀಸಿನ ಹೊರಗೆ ನಿಂತು, ಮಿರ್ಚಿ ಬಜ್ಜಿ ತಿನ್ನುತ್ತ, ಶಾಂತಾ ಅವರನ್ನು ನಡುವೆ ನಿಲ್ಲಿಸಿಕೊಂಡು ಮನಸಾರೆ ಮಾತಾಡುತ್ತೀರಿ. ಎಲ್ಲರಿಗೂ ಗೊತ್ತಾದ ಮೇಲೆ ಅದನ್ನು ಕೂಟದಲ್ಲಿ ಬರೆಯಬೇಕಾದ ಅಗತ್ಯ ಯಾರಿಗಿದೆ? ಬಾಯಿಮಾತು ನಮ್ಮ ಕಾಲಕ್ಕೆ ಬರುವುದಿಲ್ಲ ಅಕ್ಕ. ಓದಿದ ಹಾಳೆಯನ್ನು ಹಿಂದಂಚೆ ಬದಲಿಸಲಾರದು, ತೆರೆಯದ ಹಾಳೆಗೆ ಮಾತ್ರ ಬೇಡಿಕೆ ಸಲ್ಲುತ್ತದೆ. ಅದಕ್ಕೇ ಇವತ್ತೇ ಬರೆಯುತ್ತಿದ್ದೇನೆ. ಆ ದಿನ ಮನೆಗೆ ಬಂದು ಚಪ್ಪಲಿ ಬಿಟ್ಟ ಮೇಲೆ, ದಯವಿಟ್ಟು ಎರಡು ಸಾಲು ಬರೆಯಿರಿ. ದೀಪಸ್ತಂಭದ ಬಾಗಿಲು ಹಾಕಿಕೊಂಡ ಮೇಲೆ ಏನಾಯಿತೆಂದು, ಸುತ್ತಿ ಬಳಸದೆ, ಬಸಲಿಂಗವ್ವನಿಗೆ ಹೇಳಿದ ಹಾಗೆ ಬರೆಯಿರಿ. ನಿಮಗೆ ಅದು ಮುಗಿದ ಸಿನಿಮಾ, ಅವರಿಗೆ ಅದು ಇಡೀ ಜೀವಮಾನದ ಕೆಲಸ.

ಬರೆಯಲು ಮರೆತರೂ ನಾವು ಸಿಟ್ಟಾಗುವುದಿಲ್ಲ. ನಿಮ್ಮಿಂದ ಪಡೆದದ್ದೇ ಬೇಕಾದಷ್ಟಿದೆ. ನನ್ನ ಮಗಳು ಮುಕ್ತಾ ಕಾರವಾರದ ಕಡಲಗೋಡೆಯ ಕೆಲಸಕ್ಕೆ ಹೋಗಿದ್ದಾಳೆ, ಮಳೆಗಾಲ ಕಳೆಯದೆ ಬರುವಂತಿಲ್ಲ. ಕೊನೆಯ ಹಾಳೆ ಸಿದ್ಧವಾಯಿತೆಂದು ಕೇಳಿ, “ಅಪ್ಪಾ, ನಾನೂ ಕಟ್ಟೆ ಮ್ಯಾಲ ಕೂತ ಕೇಳಬೇಕು, ಯಾರೂ ನನಗ ಮೊದಲ ಹೇಳಬ್ಯಾಡ್ರಿ” ಎಂದು ಹೇಳಿಕಳಿಸಿದಳು. ಸಭೆಯಲ್ಲಿ ಈ ವಿಷಯ ತೆಗೆಯಲು ನಾನು ಹಿಂದೆಮುಂದೆ ನೋಡುತ್ತಿದ್ದೆ. ಅಷ್ಟರಲ್ಲಿ ಎರಡೂ ಓಣಿಯವರು, ಜೀವಮಾನದಲ್ಲಿ ಮೊದಲ ಸಲ ಒಮ್ಮತದಿಂದ, ಮುಕ್ತಾ ಬರುವ ತನಕ ಕಟ್ಟೆಯ ಮೇಲೆ ಆ ಹಾಳೆ ಓದುವುದು ಬೇಡವೆಂದರು. ಕಾಯಲಾಗದವರು ಒಬ್ಬರೇ, ಅವರಿಗೆ ಮಾತ್ರ ನಾಳೆ ತೆರೆಯುವುದೆಂದು ನಿರ್ಧಾರವಾಯಿತು.

ಹಾಗಾಗಿ ನಾಳೆ ನಾನು ಓದಾಳಲ್ಲ. ಅತ್ತೆಯ ಕೈಗೆ ಹಾಳೆ ಕೊಟ್ಟು, ಬೆನ್ನಿಗೆ ದಿಂಬು ಸರಿಮಾಡಿ, ಹೊರಗೆ ಬಂದು ಬಾಗಿಲು ಎಳೆದುಕೊಳ್ಳುತ್ತೇನೆ. ಅವರು ಅತ್ತರೆ ಕೇಳಿಸೀತು, ನಕ್ಕರೂ ಕೇಳಿಸೀತು. ಕಿವಿ ಮುಚ್ಚಿಕೊಳ್ಳುವಷ್ಟು ಗಟ್ಟಿ ಮನುಷ್ಯ ನಾನಲ್ಲ. ಕರೆದಾಗ ಒಳಗೆ ಹೋಗಿ ಕುಡಿಯಲು ನೀರು ಕೊಡುತ್ತೇನೆ, ಸ್ವಲ್ಪ ಹೊತ್ತು ಕೈ ಹಿಡಿದು ಕೂರುತ್ತೇನೆ. ಏನಾಯಿತೆಂದು ಮಾತ್ರ ಕೇಳುವುದಿಲ್ಲ.

ಎಲ್ಲರಿಗೂ ನಮ್ಮೂರಿನ ಪ್ರೀತಿ ತಿಳಿಸಿ.

ನಿಮ್ಮ,
ಹೊನ್ನಯ್ಯ